ಹೇಳಿಕೊಂಡಿದ್ದ ಹೋತ

ಅವ್ವ,

ಸಂಜೆ ಆರು ಗಂಟೆ. ಬೆಳಿಗ್ಗೆಯಿಂದ ಗೌಡರ ಮನೆಯಲ್ಲಿ ಕೊಬ್ಬರಿ ಕೆಲಸ. ವರ್ಷವೆಲ್ಲ ಅಟ್ಟದ ಮೇಲಿದ್ದ ಕಾಯಿ ಇಳಿಸಿದ್ದಾರೆ. ಚಿಪ್ಪು ಬಿಡಿಸಿ ಬಿಡಿಸಿ ಹೆಬ್ಬೆರಳು ಬಿರಿದಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನೀನು ಹೋಗಿ ಏಳು ತಿಂಗಳು. ಡೈರಿಯಲ್ಲಿ ದಿನಾ ಎರಡು ಸಾಲು ಬರೆಯುತ್ತಿದ್ದೆ. ಇವತ್ತಿನದು ಎರಡು ಸಾಲಿನಲ್ಲಿ ಹಿಡಿಯುವುದಿಲ್ಲ.

ನನಗೆ ಟೈಫಾಯ್ಡ್ ಬಂದ ವರ್ಷ ನೆನಪಿದೆಯಾ? ಆಗ ನನಗೆ ಹನ್ನೊಂದು. ನಮ್ಮ ಚರ್ಚಿನ ಸಭೆಯ ಅಯ್ಯನವರು ತಿಪಟೂರಿನಿಂದ ಸೈಕಲ್ಲಿನಲ್ಲಿ ಬಂದು, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದರು. ಅವರು ಅತ್ತ ಹೋಗುತ್ತಲೇ ನೀನು ಬಾಗಿಲಲ್ಲಿ ನಿಂತು ಊರಮ್ಮನ ಗುಡಿಯ ದಿಕ್ಕಿಗೆ ಸೆರಗೊಡ್ಡಿದೆ. ಮಗು ಉಳಿದರೆ ಒಂದು ಹೋತ ಕೊಡುತ್ತೇನೆ ಎಂದು ಹೇಳಿಕೊಂಡೆ. ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡೆ. ಆಮೇಲೆ ಅಯ್ಯನವರು, ನಿನ್ನನ್ನು ವಾಸಿ ಮಾಡಿದ್ದು ಯಾರು ಮಗು ಎಂದು ಕೇಳಿದಾಗ, ಯೇಸುಸ್ವಾಮಿ ಮತ್ತೆ ಊರಮ್ಮ ಎಂದವಳು ನಾನೇ. ನಿನಗೆ ಗೊತ್ತಿತ್ತೇ? ಯಾರು ಹೇಳಿದರೆಂದು ನೀನು ಒಮ್ಮೆಯೂ ಕೇಳಲಿಲ್ಲವಲ್ಲ...

ಅಯ್ಯನವರು ನಮ್ಮ ಜಗಲಿಯಲ್ಲೇ ಕೂತು ತಿಳಿಸಿ ಹೇಳಿದರು. ಎಲ್ಲರ ಪಾಪಕ್ಕೂ ಒಂದೇ ಕುರಿಮರಿ, ಒಂದೇ ಸಲ ಬಲಿಯಾಗಿದೆ, ಇನ್ನೊಂದು ರಕ್ತ ಕೊಟ್ಟರೆ ಆ ರಕ್ತ ಸಾಲದು ಎಂದಂತೆ. ನೀನು ತಲೆಯಾಡಿಸಿದೆ. ಹೋತ ಕೊಡಲಿಲ್ಲ. ಮೂರು ತಿಂಗಳು ನಿನಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲವೆಂದರು. ಮೂರು ತಿಂಗಳಾದ ಮೇಲೆ ಅವರೇ ಕರೆದರೂ ನೀನು ಏಳಲಿಲ್ಲ. ಹದಿನೈದು ವರ್ಷ ಹಿಂದಿನ ಚಾಪೆಯಲ್ಲೇ ತಲೆ ತಗ್ಗಿಸಿ ಕೂತೆ. ಅಮ್ಮನಿಗೆ ಆಡಿದ ಮಾತು ತಪ್ಪಿದೆ, ಸ್ವಾಮಿಯನ್ನೂ ನಂಬದೆ ಹೋದೆ ಎಂಬ ಭಯ. ಎರಡು ಕಡೆಯಿಂದಲೂ ಭಯ.

ಕೊನೆಯ ಜ್ವರದಲ್ಲಿ ನೀನು ಕೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. "ಕುರುಬ್ರು ಸಂಜೆ ಬ್ಯಾರೆ ಮಾಡ್ದಂಗೆ ಮಾಡ್ತಾರಂತಲ್ಲ ಆ ತೀರ್ಪಿನ ದಿನ, ಕುರಿ ಒಂದ್ಕಡೆ, ಆಡು ಒಂದ್ಕಡೆ. ನನ್ನ ಯಾವ್ ಕಡೆ ಬುಡ್ತಾರೆ ಕಣೇ?"

ಗಂಜಿ ಕುಡಿ ಎಂದೆ. ಅಷ್ಟೇ ಹೇಳಿದೆ ನಾನು. ಸಮಾಧಾನ ಹೇಳುವ ಬೈಬಲ್ಲಿನ ವಾಕ್ಯ ಬಾಯಲ್ಲೇ ಇತ್ತು. ಅದಕ್ಕೆ ಮೊದಲು ಅಯ್ಯನವರಿಗೆ ಹೇಳಿದವಳು ನಾನು ಎಂದು ಒಪ್ಪಿಕೊಳ್ಳಬೇಕಿತ್ತು.

ಇವತ್ತು ಚಿಪ್ಪಿನ ರಾಶಿಯ ಪಕ್ಕ ಕೂತು ಪಕ್ಕದ ಮನೆ ಗಂಗಕ್ಕನಿಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವಳು ಮಚ್ಚು ಕೆಳಗಿಟ್ಟಳು. ನಿನ್ನ ಹರಕೆ ಆ ವರ್ಷವೇ ತೀರಿತಂತೆ ಅವ್ವ. ನೀನು ಬಾಗಿಲಲ್ಲಿ ಹೇಳಿಕೊಂಡಿದ್ದು ಅವಳಿಗೂ ಕೇಳಿಸಿತ್ತಂತೆ. ತಮ್ಮ ಕೊಟ್ಟಿಗೆಯ ಹೋತವನ್ನೇ ಹೊಡೆದು ಗಂಗಕ್ಕ ತೀರಿಸಿದಳಂತೆ, ನಿನ್ನ ಹೆಸರು ಹೇಳಿ. ಬಾಡೂಟಕ್ಕೆ ನಿಮ್ಮನ್ನು ಕರೆಯಲಾಗಲಿಲ್ಲ ಎಂದು ಇಷ್ಟು ವರ್ಷ ಬೇಜಾರಂತೆ ಅವಳಿಗೆ.

ಅವ್ವನಿಗೆ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಹೇಳಿದ್ರೆ ನಿಮ್ಮಲ್ಲಿ ಅವ್ಳಿಗೆ ಪಾಪ ಅಂಟ್ತದೆ ಅಂತಿದ್ರು ಕಣವ್ವ. ಅಂಟೋದಾದ್ರೆ ನನಗೇ ಅಂಟ್ಲಿ ಅಂತ ಸುಮ್ಕಾದೆ."

ಮತ್ತೆ ಮಚ್ಚು ತಗೊಂಡು ಚಿಪ್ಪು ಬಿಡಿಸತೊಡಗಿದಳು. ಪಕ್ಕದ ಗೋಡೆಯಾಚೆಯೇ ಇದ್ದಳಲ್ಲ ಗಂಗಕ್ಕ, ಅವ್ವ, ಹದಿನೈದು ವರ್ಷವೂ. ನಮಗೆ ತಿಳಿಯುವ ಮೊದಲೇ ಇನ್ನೊಬ್ಬರು ನಮ್ಮದನ್ನು ಹೊತ್ತುಕೊಂಡರು ಎಂದು ಅಯ್ಯನವರು ಭಾನುವಾರ ಭಾನುವಾರ ಹೇಳುವಾಗ ನಾವಿಬ್ಬರೂ ಏನು ಕೇಳುತ್ತಿದ್ದೆವು? ಗಂಗಕ್ಕ ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ದಿನ ಅವಳನ್ನು ಯಾವ ಕಡೆಗೆ...

ನೀನು ಹೋದ ಮೇಲೆ ನಾನೂ ಪ್ರಭುಭೋಜನದ ರೊಟ್ಟಿ ಮುಟ್ಟಿಲ್ಲ. ಹಿಂದಿನ ಚಾಪೆಯಲ್ಲಿ ನಿನ್ನ ಜಾಗದಲ್ಲೇ ಕೂರುತ್ತೇನೆ. ಆರಾಧನೆಗೆ ಮುಂಚೆ ಅಯ್ಯನವರ ಹತ್ತಿರ ಹೋಗಿ, ನನ್ನದನ್ನೂ ಗಂಗಕ್ಕನದನ್ನೂ ಬಿಡದೆ ಹೇಳುತ್ತೇನೆ. ಅವರು ಏನನ್ನುತ್ತಾರೋ.

ನಾಳೆ ಪ್ರಭುಭೋಜನದ ಭಾನುವಾರ. ತಿಪಟೂರಿನ ಬಸ್ಸು ಏಳೂವರೆಗೆ.