ಕೇರಂ ಆಟದ ನಾಲ್ಕನೆಯವರು

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಅಂಕಲ್ ಅವರಿಗೆ,

ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಜಡಿದು, ‘ಹುಡುಗರು ಇಲ್ಲಿ ಕೇರಂ ಆಡಿ ಕಾಲ ಹಾಳು ಮಾಡುವಂತಿಲ್ಲ, ಬಿಡುವಿದ್ದರೆ ಮನೆಯ ಹಿರಿಯರ ಜೊತೆ ಕೂರಲಿ’ ಎಂದು ನೋಟಿಸ್ ಅಂಟಿಸಿದ್ದೀರಿ. ಓದಿದೆವು. ಅಕ್ಷರ ಚೆನ್ನಾಗಿದೆ.

ನಾವು ಇದ್ದದ್ದು ಮೂವರು. ಕೇರಂಗೆ ನಾಲ್ಕು ಜನ ಬೇಕಲ್ಲ, ನಾಲ್ಕನೆಯವರು ನಿಮ್ಮ ಅಮ್ಮ. ದಿನಾ ನಾಲ್ಕೂವರೆಗೆ ಕೈಹಿಡಿದು ಇಳಿಸಿಕೊಂಡು ಬರುತ್ತಿದ್ದೆವು, ನೀವು ಕೆಲಸದಿಂದ ಬರುವ ಮೊದಲು ಮೇಲೆ ಬಿಡುತ್ತಿದ್ದೆವು. “ನನ್ನ ಮಗನಿಗೆ ಹೇಳಬೇಡ್ರೋ, ಮಂಡಿನೋವು ಇಟ್ಕೊಂಡು ಇಳಿದೆ ಅಂತ ಬೈತಾನೆ” ಅನ್ನುತ್ತಿದ್ದರು.

ಬೀಗ ಬೀಳುವ ಹಿಂದಿನ ದಿನ ಅಜ್ಜಿ ಕೆಂಪು ಕಾಯಿಯನ್ನು ಬೆರಳಲ್ಲೇ ಗುಂಡಿಗೆ ತಳ್ಳಿಬಿಟ್ಟರು. ನಾವು ಮೋಸ ಮೋಸ ಎಂದು ಕೂಗಿದೆವು. “ನಾನ್ಯಾಕೆ ತಳ್ಳಲಿ?” ಎಂದು ಮುಖ ಊದಿಸಿಕೊಂಡೇ ಮೆಟ್ಟಿಲು ಹತ್ತಿದರು.

ಈಗ ನಾವು ಶಾಲೆಯಿಂದ ಬರುವ ಹೊತ್ತಿಗೆ ಕಿಟಕಿಯಲ್ಲಿ ನಿಂತಿರುತ್ತಾರೆ. ನಿನ್ನೆ ಬೀದಿಗೆಲ್ಲ ಕೇಳುವ ಹಾಗೆ, “ಕೆಂಪು ನಾನೇ ತಳ್ಳಿದ್ದು ಕಣ್ರೋ, ತಪ್ಪಾಯ್ತು, ಬನ್ರೋ” ಎಂದರು. ನಾವು ತಲೆ ತಗ್ಗಿಸಿಕೊಂಡು ಬಂದೆವು. ಮಗನ ಮೇಲೆ ತಾಯಿಗೆ ದೂರು ಹೇಳಲು ನಮಗೆ ಬಾಯಿ ಬರಲಿಲ್ಲ.

ಕೀಲಿ ಕೇಳುತ್ತಿಲ್ಲ. ಕೇರಂ ಬೋರ್ಡನ್ನೂ ನೀವೇ ಇಟ್ಟುಕೊಳ್ಳಿ. ನಾವು ಸಿಟ್ಟು ಮಾಡಿಕೊಂಡಿಲ್ಲ, ಬೀಗ ಹಾಕಿದ್ದು ನೀವು ಎಂದು ಅಜ್ಜಿಗೆ ಹೇಳಿ, ಸಾಕು. ಬಿಡುವಿದ್ದರೆ, ಸ್ವಲ್ಪ ಹೊತ್ತು ಜೊತೆಗೆ ಕೂತು ಹೇಳಿ.

ಇಂತಿ,
ಮೂರನೇ ಮಹಡಿಯ ಹುಡುಗಿ