ಐವತ್ತೆರಡು ಸೆಕೆಂಡಿನ ಒಪ್ಪಿಗೆ

ಹಾವೇರಿ
೬ ಫೆಬ್ರವರಿ ೨೦೨೬, ಶುಕ್ರವಾರ
ಸಂಜೆ ನಾಲ್ಕು ಗಂಟೆ

ಪ್ರೀತಿಯ ನಸ್ರೀನ್,

ಪ್ರೀತಿಯ ಎಂದು ಬರೆದದ್ದಕ್ಕೆ ಸಿಟ್ಟು ಬಂದರೆ ಆ ಒಂದು ಪದವನ್ನು ಗೀಚಿ ಹಾಕಿ ಮುಂದೆ ಓದು. ಆದರೆ ಓದು.

ನಿನ್ನೆಯಿಂದ ನೀನು ಹನ್ನೊಂದು ಸಲ ಫೋನ್ ಮಾಡಿದ್ದೀ. ಹನ್ನೊಂದೂ ಸಲ ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅದು ನಿಲ್ಲುವವರೆಗೆ ನೋಡುತ್ತ ಕುಳಿತೆ. ಎತ್ತಿದ್ದರೆ ಸುಳ್ಳು ಹೇಳುತ್ತಿದ್ದೆ. ಫೋನಿನಲ್ಲಿ ನಾನು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳಿದವಳು ನೀನು. “ಎಡಿಟಿಂಗ್ ಮುಗಿದೈತ್ರಿ ಸರ್, ನಾಳೆ ಕಳಸ್ತೇವ್ರಿ” ಎಂದು ನಾನು ಯಾರಿಗೋ ಹೇಳುತ್ತಿದ್ದಾಗ ನಾವಿನ್ನೂ ಬಾಡಿಗೆ ಕ್ಯಾಮೆರಾ ಹುಡುಕುತ್ತಿರುತ್ತಿದ್ದೆವು. ಬರೆಯುವಾಗ ಹಾಗಲ್ಲ. ಬರೆದದ್ದನ್ನು ಮೊದಲು ನಾನೇ ಓದಬೇಕಾಗುತ್ತದೆ. ಅದಕ್ಕೇ ಈ ಪತ್ರ. ನಿನ್ನ ಶಾಲೆಯ ದೀಪಿಕಾ ಟೀಚರ್ ನಮ್ಮ ಓಣಿಯವರು, ನಾಳೆ ಬೆಳಗಿನ ಶಾಲೆಗೆ ಆರರ ಬಸ್ಸಿಗೆ ಹೊರಡುತ್ತಾರೆ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಎಂಟಕ್ಕೆ ಕುಪ್ಪೇಲೂರು ಮುಟ್ಟುತ್ತಾರೆ, ಆಗ ಇದು ನಿನ್ನ ಕೈಯಲ್ಲಿರುತ್ತದೆ.

ಪ್ರೋಮೋದಲ್ಲಿ ನೀನು ನೋಡಿದ್ದು ಖರೆ. ನಮ್ಮ ಸಾಕ್ಷ್ಯಚಿತ್ರ ‘ತೊಟ್ಟು ಮುರಿಯುವವರು’ ನಾಡಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಟಿವಿಯಲ್ಲಿ ಬರುತ್ತದೆ. ಪ್ರೋಮೋದಲ್ಲಿ ಜೈತೂನಬಿಯ ಬೆನ್ನು ಮಾತ್ರ ಇದೆ, ಮೇಲೆ ಸಂಗೀತ ಹಾಕಿದ್ದಾರೆ. ಚಿತ್ರದಲ್ಲಿ ಮುಖವೂ ಇದೆ, ಹೆಸರೂ ಇದೆ, ಕೆಮ್ಮೂ ಇದೆ.

ನಿನ್ನಲ್ಲಿ ನಾನು ಕೇಳುವುದು ಒಂದೇ. ಭಾನುವಾರ ಮಧ್ಯಾಹ್ನದವರೆಗೆ ಬ್ಯಾಡಗಿಗೆ ಹೋಗಬೇಡ, ಜೈತೂನಬಿಗೆ ಏನೂ ಹೇಳಬೇಡ. ಆಮೇಲೆ ನಾನೇ ಹೋಗಿ ಅವರ ಕಾಲು ಹಿಡಿದು ಎಲ್ಲವನ್ನೂ ಹೇಳುತ್ತೇನೆ.

ನೀನು ಈಗ ಏನೆನ್ನುತ್ತೀ ಎಂದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. “ಮಾತು ಕೊಟ್ಟೇವಲ್ಲ, ಮೃಣಾ.” ನಸ್ರೀನ್, ಮಾತು ಕೊಟ್ಟವಳು ನೀನು, ನಾನಲ್ಲ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ಉಳಿದದ್ದನ್ನು ಓದು.

ಹೋದ ವರ್ಷ ಇದೇ ತಿಂಗಳು. ಬ್ಯಾಡಗಿಯ ಆ ದಲಾಲಿ ಅಂಗಡಿಯ ಗೋದಾಮಿನಲ್ಲಿ ಅರವತ್ತು ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಮ್ಮ ಕ್ಯಾಮೆರಾದವನು ಸೀನಿ ಸೀನಿ ಅರ್ಧ ದಿನ ಹೊರಗೇ ಇದ್ದ. ಊಟದ ಹೊತ್ತಿಗೆ ಜೈತೂನಬಿಯ ಕಾಲರ್ ಮೈಕ್ ಬಿಚ್ಚುವುದನ್ನು ನೀನು ಮರೆತೆ. ಅವರು ಎದ್ದು ಚೀಲಗಳ ಅಟ್ಟಿಯ ಹಿಂದೆ ಹೋದರು. ಹೆಡ್‌ಫೋನ್ ನಿನ್ನ ಕಿವಿಯಲ್ಲೇ ಇತ್ತು. ನೀನು ಅದನ್ನು ತೆಗೆದು ನನ್ನ ಕಿವಿಗೆ ಇಟ್ಟೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಒಬ್ಬ ಹೆಂಗಸು ಕೆಮ್ಮುವ ಶಬ್ದ. ಹೊರಗೆ ಯಾರಿಗೂ ಕೇಳಬಾರದೆಂದು ಕೆಮ್ಮುವ ಶಬ್ದ. ಚೀಲಗಳ ಸಂದಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು, ನಾನು ಕ್ಯಾಮೆರಾ ಆ ಕಡೆ ತಿರುಗಿಸಿದೆ. ನಲವತ್ತು ಸೆಕೆಂಡು. ನಮ್ಮ ಹತ್ತು ವರ್ಷಗಳಲ್ಲಿ ಅಂಥ ನಲವತ್ತು ಸೆಕೆಂಡು ಇನ್ನೊಮ್ಮೆ ಸಿಕ್ಕಿಲ್ಲ.

ಅವತ್ತೇ ಸಂಜೆ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಕ್ಯಾಮೆರಾದ ಎದುರು ಒಪ್ಪಿಗೆ ಕೇಳಿದೆವು. ಅವರು ನಕ್ಕು ಹೇಳಿದ್ದು ನನಗೆ ಬಾಯಿಪಾಠವಾಗಿದೆ. “ಹೂಂ, ತೋರಸ್ರಿ. ನಾನೇನ ಕಳುವು ಮಾಡೇನೇನು? ಆದ್ರ ಈಗ ಬ್ಯಾಡ. ಸಾನಿಯಾಂದು ನರ್ಸಿಂಗ್ ಮುಗೀಲಿ, ಅಕಿ ಒಂದು ಕಡೆ ಕೆಲಸಕ್ಕ ಹತ್ತಲಿ, ಆಮ್ಯಾಲ ತೋರಸ್ರಿ. ಕೆಮ್ಮತಾಳ ಅಂತ ಗೊತ್ತಾತಂದ್ರ ಸಾವಕಾರ ನಾಳಿಂದ ಬರಬ್ಯಾಡ ಅಂತಾನ. ಹಿಂಗ ಕೆಮ್ಮತಿದ್ದ ಸಕೀನಾಬಿಗೆ ಆರಾಮಾಗಿ ಬಾ ಅಂತ ಹೇಳಿ ಕಳಿಸಿದವ್ರು ಮತ್ತ ಕರೀಲೇ ಇಲ್ಲ.” ಮಗಳ ಓದು ಮುಗಿಯುವುದು ಈ ಆಗಸ್ಟ್‌ಗೆ. ಅವರ ದುಡಿಮೆ ನಿಂತರೆ ಸಾನಿಯಾ ಕೊನೆಯ ವರ್ಷದ ಪರೀಕ್ಷೆಗೆ ಕೂಡುವುದಿಲ್ಲ, ಅಷ್ಟೇ ಸರಳ.

ಚಾನೆಲ್‌ನವರು ಚಿತ್ರದ ಜೊತೆಗೆ ಎಲ್ಲರ ಒಪ್ಪಿಗೆಯ ತುಣುಕನ್ನೂ ಕೇಳುತ್ತಾರೆ. ಚಿಕ್ಕದಾಗಿರಲಿ ಎಂದಿದ್ದರು. ಜೈತೂನಬಿಯ ಐವತ್ತೆರಡು ಸೆಕೆಂಡಿನದನ್ನು ಅಯಾಜ್ ಎಡಿಟಿಂಗ್‌ನಲ್ಲಿ ಒಂಬತ್ತು ಸೆಕೆಂಡು ಮಾಡಿ ಕಳಿಸಿದ. ಹೆಸರು, ಊರು, “ಹೂಂ, ತೋರಸ್ರಿ.” ಅಲ್ಲಿಗೆ ಕತ್ತರಿ.

ನೋಡು, ಬರೆಯುವಾಗಲೂ ಸುಳ್ಳು ಬಂತು. ಅಯಾಜ್ ಪಾಪ, ಅವನು ಕೇಳಿದ್ದ. “ಅಕ್ಕಾರ, ಪೂರಾ ಇಡ್ಲ್ಯೋ, ಇಲ್ಲಿಗೆ ನಿಂದ್ರಸ್ಲ್ಯೋ?” ಎಂದ. ಮುಂದೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮುಂದಿನದನ್ನು ಕೇಳಲಿಲ್ಲ, ಅಲ್ಲಿಗೇ ನಿಲ್ಲಿಸು ಎಂದೆ. ‘ಈ ಒಪ್ಪಿಗೆಗಳಿಗೆ ಯಾವ ಷರತ್ತೂ ಇಲ್ಲ’ ಎಂಬ ಮುಚ್ಚಳಿಕೆಗೂ ನಾನೇ ಸಹಿ ಮಾಡಿದೆ. ಒಬ್ಬಳೇ. ಎರಡನೆಯ ನಿರ್ಮಾಪಕಿಯ ಜಾಗ ಖಾಲಿ ಇತ್ತು.

ಅದು ಯಾಕೆ ಖಾಲಿ ಇತ್ತು ಎಂಬುದೂ ಬರಲಿ. ಹೋದ ಜೂನ್‌ನಲ್ಲಿ ನೀನು ಆಗಸ್ಟ್‌ತನಕ, ಅಂದರೆ ಮುಂದಿನ ಆಗಸ್ಟ್‌ತನಕ, ಕಾಯೋಣ ಎಂದೆ. ನಾನು ನಿನಗೆ ಹೇಳಿದ್ದು, “ಪಗಾರದ ನೌಕರಿ ಸಿಕ್ಕೈತಲ್ಲ, ಅದಕ್ಕ ಈಗ ನಿನಗ ನೀತಿ ನೆನಪಾಗಾಕತ್ತೈತಿ.” ನೀನು ಚಹಾದ ಕಪ್ಪು ತೊಳೆದಿಟ್ಟು ಹೋದೆ. ಜಗಳ ಮಾಡಿದ್ದರೂ ಕಪ್ಪು ತೊಳೆಯದೆ ಹೋಗುವವಳಲ್ಲ ನೀನು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸ್ವಲ್ಪ ನನ್ನ ಕಡೆಯಿಂದಲೂ ನೋಡು. ಎರಡೇ ಕುರ್ಚಿ ಇದ್ದದ್ದಕ್ಕೆ ಕಂಪನಿಗೆ ‘ಎರಡು ಕುರ್ಚಿ’ ಎಂದು ಹೆಸರಿಟ್ಟವರು ನಾವು. ಮದುವೆ ವಿಡಿಯೊ, ಬೀಜದ ಕಂಪನಿಯ ಜಾಹೀರಾತು, ಅಗಡಿಯ ಹೊಲದಲ್ಲಿ ನಿಂತು ತೆಗೆದ ಕೃಷಿ ಕಾರ್ಯಕ್ರಮ, ಎಷ್ಟು ಮಾಡಿದೆವು! ಬೆಂಗಳೂರಿನಲ್ಲಿ ಯಾರದೋ ಬಾಗಿಲ ಹೊರಗೆ ಫೈಲು ಹಿಡಿದು ಕುಳಿತಾಗ ಒಳಗಿನಿಂದ ಬಂದವರು “ಹಾವೇರಿನಾ? ಅಲ್ಲೇನು ಕಥೆ ಇರುತ್ತೆ?” ಎಂದು ಕೇಳುತ್ತಿದ್ದರು. ನಿರ್ಮಾಪಕಿ ಎಂದರೆ ನಮ್ಮ ಓಣಿಯವರು ಈಗಲೂ ಹೀರೋ ಯಾರೆಂದು ಕೇಳುತ್ತಾರೆ. ಒಂಬತ್ತು ಪ್ರಸ್ತಾಪ ತಿರುಗಿ ಬಂದವು. ಹತ್ತನೆಯದು ಇದು. ಇದು ಬಂದ ಮೇಲೆ ಇನ್ನೂ ಮೂರು ಚಿತ್ರ ನಮಗೇ ಕೊಡುವ ಮಾತಿದೆ, ಬುಧವಾರ ಸಹಿ. ನಾನು ನಲವತ್ತಕ್ಕೆ ಬಂದಿದ್ದೇನೆ, ನಸ್ರೀನ್. ಹನ್ನೊಂದನೆಯದನ್ನು ಬರೆಯುವ ಶಕ್ತಿ ನನಗಿಲ್ಲ.

ಅವ್ವನ ಸಂಭ್ರಮ ನೀನು ನೋಡಬೇಕಿತ್ತು. ಅನಸೂಯಾಬಾಯಿಯವರ ಮಗಳು ಏನೋ ಫೋಟೋ ತೆಗೀತಾಳಂತೆ ಎನ್ನುತ್ತಿದ್ದವರನ್ನೆಲ್ಲ ಭಾನುವಾರ ಮನೆಗೆ ಕರೆದಿದ್ದಾಳೆ. ಅವಲಕ್ಕಿ ತಂದಿಟ್ಟಿದ್ದಾಳೆ.

ನಿನ್ನೆ ನಾನು ಚಾನೆಲ್‌ನ ಸುಧಾರಾಣಿಯವರಿಗೆ ಫೋನ್ ಮಾಡಿ ಸುತ್ತಿಬಳಸಿ ಕೇಳಿದೆ, ಒಂದು ದೃಶ್ಯ ತೆಗೆಯಬಹುದೇ ಎಂದು. ಅವರು ಸುತ್ತಿಬಳಸುವವರಲ್ಲ. “ಫೈಲ್ ಪಾಸಾಗಿದೆ ಮೇಡಂ, ಈಗ ಮುಟ್ಟೋ ಹಾಗಿಲ್ಲ. ಒಪ್ಪಿಗೆ ವಿಷಯದಲ್ಲಿ ಏನಾದ್ರೂ ತೊಂದ್ರೆ ಇದ್ರೆ ಶನಿವಾರ ಹನ್ನೆರಡರೊಳಗೆ ಸಾಕ್ಷಿ ಸಮೇತ ಕಳಿಸಿ, ಇಡೀ ಚಿತ್ರ ನಿಲ್ಲಿಸ್ತೀವಿ. ಯಾಕೆ, ಏನಾದ್ರೂ ಇದೆಯಾ?” ಎಂದರು. ಏನೂ ಇಲ್ಲ ಎಂದೆ. ಸಾಕ್ಷಿ ಎಂದರೆ ಆ ಐವತ್ತೆರಡು ಸೆಕೆಂಡು. ಅದನ್ನು ಕಳಿಸಿದರೆ, ಒಂಬತ್ತು ಸೆಕೆಂಡಿನದನ್ನು ಕಳಿಸಿದವಳು ಯಾರೆಂದು ಅವರು ಕೇಳುವ ಅಗತ್ಯವೇ ಇಲ್ಲ. ಬುಧವಾರವೂ ಇಲ್ಲ, ಇನ್ನೊಂದು ಚಾನೆಲ್ಲೂ ಇಲ್ಲ. ಈ ಧಂದೆಯಲ್ಲಿ ಇಂಥ ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಅದಕ್ಕೆ ಇವತ್ತು ಬೆಳಿಗ್ಗೆ ಹೊಸ ಒಪ್ಪಿಗೆ ಕಾಗದ ಟೈಪ್ ಮಾಡಿಸಿಕೊಂಡು ಬ್ಯಾಡಗಿಗೆ ಹೋದೆ. ಹೋಗಬೇಡ ಎಂದು ನಿನಗೆ ಮೇಲೆ ಬರೆದೆನಲ್ಲ, ನಾನು ಹೋಗಿ ಬಂದ ಮೇಲೆಯೇ ಅದನ್ನು ಬರೆದದ್ದು.

ನಿನ್ನೆಯ ಟೆಂಡರಿನಲ್ಲಿ ಹರಾಜಾದ ಮೆಣಸಿನಕಾಯಿ ಗೋದಾಮಿನ ಬಾಗಿಲವರೆಗೆ ರಾಶಿ ಬಿದ್ದಿತ್ತು. ಜೈತೂನಬಿ ನನ್ನನ್ನು ಕಂಡು ಕೈ ಝಾಡಿಸಿಕೊಂಡು ಹೊರಗೆ ಬಂದರು. “ಏನ್ ತಂಗಿ, ಇಷ್ಟು ಸೊರಗೀದಿ? ಕುಂದ್ರು ಬಾ. ನಸ್ರೀನ್ ಬರಲಿಲ್ಲೇನು?” ಎಂದರು. ನಿನಗೆ ಶಾಲೆ ಇದೆ ಎಂದೆ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತೆವು. ನಮ್ಮ ಹಿಂದೆ ಸಾವಕಾರರ ಕೋಣೆ, ಗೋಡೆಗೆ ಟಿವಿ, ಅದೇ ಚಾನೆಲ್. ಸಾವಕಾರರು ಗಾದಿಗೆ ಒರಗಿ ಕುಳಿತಿದ್ದರು.

ಚಹಾ ಬಂತು. ನಾನು ಕಪ್ಪು ಎತ್ತುವಷ್ಟರಲ್ಲಿ ಪ್ರೋಮೋದ ಸಂಗೀತ ಶುರುವಾಯಿತು. ಅದನ್ನು ನಾನು ನೂರು ಸಲ ಕೇಳಿದ್ದೇನೆ, ಮೊದಲ ಡೋಲಿನ ಪೆಟ್ಟಿಗೇ ಗುರುತು ಹತ್ತಿತು. ಎದ್ದು ಬಾಗಿಲಿಗೆ ಅಡ್ಡ ನಿಂತೆ. ಸಾವಕಾರರ ಕಣ್ಣಿಗೆ ಟಿವಿ ಕಾಣುತ್ತಿತ್ತು, ಅದಕ್ಕೆ ನಾನೇನೂ ಮಾಡುವಂತಿರಲಿಲ್ಲ. ಜೈತೂನಬಿಯ ಕಣ್ಣಿಗಾದರೂ ಬೀಳದಿರಲಿ ಎಂದು ನಿಂತೆ. ನನ್ನ ಹಿಂದೆ ಪರದೆಯ ಮೇಲೆ ಆ ಬೆನ್ನು, ಆ ನೀಲಿ ಸೆರಗು, ನಡುಗುವ ಹೆಗಲು. ನನ್ನ ಎದುರಿಗೆ ಅದೇ ನೀಲಿ ಸೀರೆ ಉಟ್ಟು ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತಿದ್ದರು. ಇಪ್ಪತ್ತು ಸೆಕೆಂಡು, ನಸ್ರೀನ್. ಅಷ್ಟು ಉದ್ದದ ಇಪ್ಪತ್ತು ಸೆಕೆಂಡನ್ನು ನಾನು ಯಾವ ಎಡಿಟಿಂಗ್ ಮೇಜಿನ ಮೇಲೂ ಕಂಡಿಲ್ಲ. ತಿರುಗಿ ನೋಡಿದರೆ ಸಾವಕಾರರು ಮೊಬೈಲಿನಲ್ಲಿ ದರ ನೋಡುತ್ತಿದ್ದರು.

“ಯಾಕ ನಿಂತಿ? ಚಾ ಆರತೈತಿ” ಎಂದರು ಜೈತೂನಬಿ.

ಕಾಗದ ತೆಗೆದೆ. ‘ಯಾವಾಗ ಬೇಕಾದರೂ ಪ್ರಸಾರ ಮಾಡಬಹುದು, ಈ ಹಿಂದೆ ಹೇಳಿದ ಯಾವ ಷರತ್ತೂ ಅನ್ವಯಿಸುವುದಿಲ್ಲ’ ಎಂದಿತ್ತು. ಓದಿ ಹೇಳಬೇಕೆಂದೇ ಹೋಗಿದ್ದೆ, ಆಣೆ ಮಾಡುತ್ತೇನೆ. ಬಾಯಿ ತೆರೆದೆ. ಆಗ ಅವರು “ನೀ ತಂದೀದಿ ಅಂದಮ್ಯಾಲ ಓದೂದೇನೈತಿ? ಎಲ್ಲಿ ಬರೀಲಿ, ತೋರಸು” ಎಂದರು. ನಾನು ಬಾಯಿ ಮುಚ್ಚಿ ಬೆರಳಿಟ್ಟು ತೋರಿಸಿದೆ. ಬೆರಳಿನ ಕೆಂಪು ಕಾಗದಕ್ಕೆ ಹತ್ತೀತೆಂದು ಅವರು ಸೆರಗಿನಿಂದ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಹೊರಡುವಾಗ ಕೈ ಹಿಡಿದು ಹೇಳಿದರು: “ಆಗಸ್ಟ್‌ಗೆ ಮುಗಿತೈತಿ ತಂಗಿ. ಆಮ್ಯಾಲ ನಾನೂ ಸಾನಿಯಾನೂ ಕೂಡೇ ಕುಂತು ನೋಡ್ತೇವಿ.”

ಈಗ ಆ ಕಾಗದ ನನ್ನ ಮೇಜಿನ ಮೇಲಿದೆ. ಕಾನೂನಿನ ಪ್ರಕಾರ ನಾನು ಗೆದ್ದಿದ್ದೇನೆ. ನೀನು ಊರೆಲ್ಲ ಕೂಗಿ ಹೇಳಿದರೂ ನನ್ನ ಕೂದಲು ಕೊಂಕುವುದಿಲ್ಲ. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಐವತ್ತೆರಡು ಸೆಕೆಂಡು ಇದೆ. ಎರಡನ್ನೂ ಎದುರಿಗಿಟ್ಟುಕೊಂಡು ಎರಡು ತಾಸಿನಿಂದ ನಿನಗೆ ಬರೆಯುತ್ತಿದ್ದೇನೆ, ಇನ್ನೂ ಯಾವುದನ್ನೂ ಮುಟ್ಟಿಲ್ಲ. ನನಗೆ ಹೆದರಿಕೆಯಾಗುತ್ತಿದೆ. ನೀನಿದ್ದಿದ್ದರೆ ಬೈಯುತ್ತಿದ್ದೆ, ನಾನು ತಿರುಗಿ ಬೈಯುತ್ತಿದ್ದೆ, ಅಷ್ಟರಲ್ಲಿ ಏನಾದರೊಂದು ತೀರ್ಮಾನವಾಗಿರುತ್ತಿತ್ತು. ನಿನ್ನ ಕುರ್ಚಿಯ ಮೇಲೆ ಈಗ ಕ್ಯಾಮೆರಾದ ಚೀಲ ಇಟ್ಟಿದ್ದೇನೆ. ಖಾಲಿ ನೋಡಲಾಗುವುದಿಲ್ಲ.

ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಮಾತು ಕೊಟ್ಟವಳು ನೀನು ಎಂದು ಹೇಳಿಕೊಂಡಾಗಲೆಲ್ಲ ಸ್ವಲ್ಪ ಹಗುರವಾಗುತ್ತದೆ, ಅಷ್ಟೇ.

ನಿನ್ನ
ಮೃಣಾಲಿನಿ

ತಾ.ಕ. ಶನಿವಾರ, ಬೆಳಿಗ್ಗೆ ಐದೂವರೆ. ದೀಪಿಕಾ ಟೀಚರ್ ಹೊರಡುವ ಮುಂಚೆ ಇಷ್ಟು ಸೇರಿಸುತ್ತೇನೆ. ಎದ್ದವಳೇ ಆ ತುಣುಕನ್ನು ಹಾಕಿ ಕೇಳಿದೆ. ಹೋದ ವರ್ಷದ ಆ ಸಂಜೆಯ ನಂತರ ಮೊದಲ ಸಲ, ಕೊನೆಯವರೆಗೆ. ಜೈತೂನಬಿಯ ಮಾತು ಮುಗಿದ ಮೇಲೆ ಕ್ಯಾಮೆರಾದ ಹಿಂದಿನಿಂದ ಒಂದು ದನಿ ಇದೆ. “ಆತ್ರಿ ಜೈತೂನಮ್ಮಾ. ಸಾನಿಯಾ ಕೆಲಸಕ್ಕ ಹತ್ತೂತನಕ ಯಾರಿಗೂ ತೋರಸೂದಿಲ್ಲ. ನಾ ಅದೀನಲ್ಲ, ನೀವು ನಿಶ್ಚಿಂತಿ ಇರ್ರಿ.” ಒಂದು ವರ್ಷದಿಂದ ಅದು ನೀನು ಎಂದೇ ನಂಬಿಕೊಂಡು ಬಂದಿದ್ದೆ. ಅದು ನನ್ನ ದನಿ, ನಸ್ರೀನ್. ನೀನು ಆ ಐವತ್ತೆರಡು ಸೆಕೆಂಡಿನಲ್ಲಿ ಒಂದು ಮಾತೂ ಆಡಿಲ್ಲ.

ಐದು ಇಪ್ಪತ್ತಕ್ಕೆ ಪೂರ್ತಿ ತುಣುಕನ್ನು ಸುಧಾರಾಣಿಯವರಿಗೆ ಕಳಿಸಿದೆ, ಕತ್ತರಿಸಿದವಳು ನಾನೇ ಎಂದೂ ಬರೆದೆ. ಜೈತೂನಬಿ ನಿನ್ನೆ ಸಹಿ ಮಾಡಿದ ಕಾಗದ ಈ ಲಕೋಟೆಯಲ್ಲೇ ಇದೆ. ಅದರ ನಕಲು, ಫೋಟೋ ಏನನ್ನೂ ಇಟ್ಟುಕೊಂಡಿಲ್ಲ, ನೀನೇ ಹರಿದು ಹಾಕು. ಅವ್ವ ಇನ್ನೂ ಎದ್ದಿಲ್ಲ, ಅವಳಿಗೆ ಹೇಳಬೇಕು. ಇನ್ನು ಫೋನ್ ಮಾಡು, ಎತ್ತುತ್ತೇನೆ.