ಹದಿನಾಲ್ಕು ಮನೆಗಳಲ್ಲಿದ್ದ ಒಂದೇ ರಾಗಿ

ಪಟ್ಟಿಗಳ ಜೋಡಣೆಯಾದ ನೂರೆಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಐದನೆಯ ದಿನ
ಬೀಜಮನೆ, ಹೊಸದುರ್ಗ

ಬೀಜದ ಪಟ್ಟಿಗಳನ್ನು ಜೋಡಿಸುತ್ತಿರುವ ಹಿರಿಯರಿಗೆ,

ತಿಂಗಳ ಲೆಕ್ಕ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕ್ಯಾಲೆಂಡರಿಗೆ ಮಳೆ ಹೊಂದಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನೂರೆಂಬತ್ತು ವರ್ಷ ಹಿಂದಿರುವ ನಿಮಗೆ ನನ್ನ ಮಾತುಗಳೂ ಅಲ್ಲಲ್ಲಿ ಹೊಸದಾಗಿ ಕೇಳಿಸಬಹುದು. ನಾನು ಪಾಲಮ್ಮ, ಇಲ್ಲಿನ ಮೊಳಕೆಗಾತಿ. ಹತ್ತು ವರ್ಷಕ್ಕೊಮ್ಮೆ ಪ್ರತಿಯೊಂದು ತಳಿಯನ್ನೂ ಬಿತ್ತಿ, ಹೊಸ ಬೀಜ ಮಾಡಿ, ತಣ್ಣನೆಯ ಕೋಣೆಯಲ್ಲಿ ಮತ್ತೆ ಇಡುವುದು ಮೊಳಕೆಗಾತಿಯ ಕೆಲಸ. ನಿಮ್ಮ ಕಾಲದಲ್ಲಿ ಊರಿಗೊಂದರಂತೆ ಚದುರಿದ್ದ ಡೇಟಾಬೇಸುಗಳು ನಮಗೆ ಒಂದೇ ಕೂಡುಪಟ್ಟಿಯಾಗಿ ಬಂದಿವೆ. ಹದಿನಾಲ್ಕು ಬೀಜಮನೆಗಳಲ್ಲಿ ಏನೇನಿದೆ ಎಂದು ಕೂತಲ್ಲೇ ನೋಡಬಹುದು. ಅದಕ್ಕೆ ನಿಮ್ಮನ್ನು ನೆನೆಯದ ದಿನವಿಲ್ಲ, ಈಗೀಗ ಬೈಯದ ದಿನವೂ ಇಲ್ಲ.

ನಾಲ್ಕು ವರ್ಷಗಳಿಂದ ನಮ್ಮ ರಾಗಿಗೆ ಬೂದಿತೆನೆ ಬಿದ್ದಿದೆ. ಕಾಳು ಹಾಲುಗಟ್ಟುವ ಹೊತ್ತಿಗೆ ತೆನೆ ಬೂದಿಬಣ್ಣಕ್ಕೆ ತಿರುಗಿ ಉದುರುತ್ತದೆ. ಮುದ್ದೆ ಈಗ ಹಬ್ಬಕ್ಕೆ ಮಾತ್ರ, ಅದಕ್ಕೂ ಗೆಣಸಿನ ಹಿಟ್ಟು ಬೆರೆಸುತ್ತೇವೆ. ಕೂಸುಗಳಿಗೆ ರಾಗಿಸರಿಯ ಬದಲು ಗೆಣಸಿನ ಗಂಜಿ. ನನ್ನ ಮೊಮ್ಮಗಳು ಅದನ್ನು ಕಂಡರೆ ಮುಖ ತಿರುಗಿಸುತ್ತಾಳೆ, ತೂಕ ಏರುತ್ತಿಲ್ಲ.

ಈ ರೋಗಕ್ಕೆ ಜಗ್ಗದ ತಳಿಯೊಂದಿದೆ, ಕರಿಗಿಡ್ಡ ರಾಗಿ. ಕೂಡುಪಟ್ಟಿಯಲ್ಲಿ ಅದು ಹದಿನಾಲ್ಕೂ ಮನೆಗಳಲ್ಲಿದೆ. ಎಲ್ಲರಿಗೂ ಬರೆದೆವು. ಹದಿಮೂರು ಮನೆಗಳಿಂದಲೂ ಒಂದೇ ಉತ್ತರ: ವಿವರ ನಮ್ಮಲ್ಲಿದೆ, ಬೀಜವನ್ನು ಬೇರೆಯವರಲ್ಲಿ ಕೇಳಿ. ಜೋಡಿಸುವ ಭರದಲ್ಲಿ ಒಬ್ಬರ ವಿವರವನ್ನು ಇನ್ನೊಬ್ಬರು ನಕಲು ಮಾಡಿಕೊಂಡಿದ್ದರು. ಕೊನೆಗೆ ಉಳಿದದ್ದು ನಮ್ಮ ಮನೆಯ ಒಂದು ಪೊಟ್ಟಣ.

ಅದನ್ನು ಐವತ್ತು ವರ್ಷಗಳಿಂದ ಯಾರೂ ಬಿತ್ತಿಲ್ಲ. ಹಾಗೆ ತಪ್ಪಿದ ಸರದಿಗಳಲ್ಲಿ ಮೂರು ನನ್ನವು. ಕೈಯಾಳು ಕಡಿಮೆಯಾದಾಗ, ಬೇರೆಡೆ ಇರುವ ತಳಿಯನ್ನು ಬಿತ್ತದೆ ಬಿಡುವುದು ನಮ್ಮಲ್ಲಿ ರೂಢಿ. ಮೊದಲ ಸಲ ನನಗೆ ಅಳುಕಿತ್ತು. ಪಟ್ಟಿ ನೋಡಿಕೊಳ್ಳುತ್ತಿದ್ದ ಬೋರಯ್ಯ, "ಹದಿನಾಕು ಕಡೆ ಐತೆ. ಒಂದು ಸತ್ರೂ ಹದಿಮೂರು ಉಳ್ಕಂತವೆ. ನೀನ್ಯಾಕವ್ವ ಹೆದರ್ಕಂತೀಯ?" ಎಂದ. ಬಿತ್ತದೆ ಬಿಡಲು ಸಹಿ ಹಾಕಿದೆ. ಆಮೇಲೆ ಎರಡು ಸಲ ಯಾರನ್ನೂ ಕೇಳದೆ ಹಾಕಿದೆ. ಆ ಮೂರು ಸಹಿಗಳನ್ನು ಈಗ ದಿನಾ ತೆಗೆದು ನೋಡುತ್ತೇನೆ.

ನಿಮ್ಮ ಹಳೆಯ ಪಟ್ಟಿಗಳಲ್ಲಿ ಕೆಲವಕ್ಕೆ ಒಂದು ಕಾಲಂ ಇತ್ತಂತೆ: ಕೊನೆಯ ಸಲ ಮೊಳೆತದ್ದು ಯಾವಾಗ, ನೂರಕ್ಕೆ ಎಷ್ಟು. ಎಲ್ಲರಲ್ಲೂ ಅದು ಇಲ್ಲವೆಂದು ಜೋಡಿಸುವಾಗ ತೆಗೆದುಹಾಕಿದಿರಿ. ದಯವಿಟ್ಟು ತೆಗೆಯಬೇಡಿ. ತುಂಬಲು ಆಗದಿದ್ದರೆ ಖಾಲಿ ಬಿಡಿ. ಖಾಲಿ ಇರುವುದನ್ನು ಕಂಡಾದರೂ ಯಾರಾದರೂ ಬಿತ್ತಿ ನೋಡುತ್ತಾರೆ. ಕರಿಗಿಡ್ಡ ನಿಮ್ಮ ಕಾಲದಲ್ಲಿ ಯಾರದೋ ಹೊಲದಲ್ಲಿ ನಿಂತಿದೆ. ಹೋಗಿ ಕೇಳಿ, ಬರೀ ಹೆಸರು ಬರೆದುಕೊಂಡು ಬರಬೇಡಿ.

ಪೊಟ್ಟಣದಲ್ಲಿ ಇನ್ನೂರ ಹನ್ನೆರಡು ಕಾಳಿದ್ದವು. ಇನ್ನೂರನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂಬತ್ತು ದಿನ ಕಾದೆ, ಒಂದೂ ಕಣ್ಣು ಬಿಡಲಿಲ್ಲ. ಉಳಿದ ಹನ್ನೆರಡನ್ನು ಕಟ್ಟಿ ಇವತ್ತಿಗೆ ಒಂಬತ್ತನೆಯ ದಿನ. ಗಂಟು ಪಕ್ಕದಲ್ಲೇ ಇದೆ. ಬಿಚ್ಚುವ ಮೊದಲೇ ಕಾಗದ ಮುಗಿಸುತ್ತಿದ್ದೇನೆ, ಬಿಚ್ಚಿದ ಮೇಲೆ ಬರೆಯಲು ಕೈ ಬರುತ್ತದೋ ಇಲ್ಲವೋ.

ನಿಮ್ಮ
ಪಾಲಮ್ಮ